ಬಳೆ ಎಂಬ ಬೈಗುಳ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂಥ ಊರಿನಲ್ಲಿ ಗಂಡಸಿನ ಬಾಯಿ ಮುಚ್ಚಿಸಲು ದೊಣ್ಣೆ ಬೇಕಿಲ್ಲ, ‘ಬಳಿ ಇಟ್ಕೊಂಡು ಮನ್ಯಾಗ ಕೂಡು’ ಎಂಬ ಮಾತು ಸಾಕು. ಹೆಂಡತಿಯ ಮೇಲೆ ಕೈ ಎತ್ತಬೇಡ ಎಂದು ಅಣ್ಣನಿಗೆ ಹೇಳಿದವನು, ತಂಗಿಗೂ ಹೊಲದಲ್ಲಿ ಪಾಲು ಬರಬೇಕೆಂದು ನಾಲ್ಕು ಮಂದಿಯ ಎದುರು ವಾದಿಸಿದವನು, ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದ ಹೆಂಡತಿಯ ಕುರ್ಚಿಯಲ್ಲಿ ಅವಳನ್ನೇ ಕೂರಲು ಬಿಟ್ಟವನು, ಮೂವರಿಗೂ ಸಿಗುವ ಉತ್ತರ ಇದೇ. ಗಡಿಯ ಮರಾಠಿ ಇದಕ್ಕೆ ‘ಬಾಯ್ಕೋಚಾ ಬೈಲ್’, ಅಂದರೆ ಹೆಂಡತಿಯ ಎತ್ತು, ಎಂಬ ಮಾತನ್ನೂ ಸೇರಿಸಿಕೊಟ್ಟಿದೆ. ಈ ಬೈಗುಳವನ್ನು ಒಂದು ಕೃತಿಯಂತೆ ಎದುರಿಗಿಟ್ಟುಕೊಂಡು ಓದಬೇಕು. ಅವನು ಹೇಳಿದ್ದು ಸರಿಯೋ ತಪ್ಪೋ ಎಂಬ ಗೋಜಿಗೇ ಅದು ಹೋಗುವುದಿಲ್ಲ. ಅವನನ್ನು ಗಂಡಸರ ಸಾಲಿನಿಂದ ಎಬ್ಬಿಸಿ ಹೆಂಗಸರ ಸಾಲಿಗೆ ಕಳಿಸುತ್ತದೆ, ಅಷ್ಟೇ. ಅದು ಶಿಕ್ಷೆ ಅನ್ನಿಸಬೇಕಾದರೆ ಹೆಣ್ಣು ಕೀಳು ಎಂಬುದನ್ನು ಬೈಯುವವನೂ ಬೈಸಿಕೊಳ್ಳುವವನೂ ಮೊದಲೇ ಒಪ್ಪಿರಬೇಕು. ಹೆಣ್ಣಿನ ಪರ ಮಾತಾಡಿದ ಗಂಡಸಿನ ಮೇಲೆ ಬೀಳುವ ಏಟು ಹೆಣ್ಣಿಗೆ ಸಮಾಜ ಕಟ್ಟಿರುವ ಬೆಲೆಯನ್ನೇ ತೋರಿಸುತ್ತದೆ.

ಆ ಬಳೆಯ ಕೈ ಯಾವುದೆಂದು ಸ್ವಲ್ಪ ನಿಂತು ನೋಡಬೇಕು. ಮುಂಗಾರಿನಲ್ಲಿ ಸೋಯಾ, ಉದ್ದು, ಹೆಸರಿನ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಖುರ್ಪಿ ಹಿಡಿದು ಕಳೆ ತೆಗೆಯುವ ಕೈಯಲ್ಲಿ ಹಸಿರು ಗಾಜಿನ ಬಳೆ ಇರುತ್ತದೆ. ಹಸಿ ಮಣ್ಣು ಮುಂಗೈವರೆಗೆ ಹತ್ತಿ ಬಳೆಗಳ ಸಂದಿಯಲ್ಲಿ ಒಣಗಿರುತ್ತದೆ. ಸಂಜೆ ಅದೇ ಕೈ ಜೋಳದ ರೊಟ್ಟಿ ಬಡಿಯುತ್ತದೆ. ಬಳೆ ತೊಟ್ಟವರು ಮನೆಯಲ್ಲಿ ಕೂತಿರುತ್ತಾರೆ ಎಂಬ ಮಾತು ಈ ಹೊಲಗಳಲ್ಲಿ ಎಂದೂ ನಿಜವಾಗಿರಲಿಲ್ಲ. ಬಸಿರಿಯ ಕುಬಸದ ದಿನ ಕೈ ತುಂಬ ಬಳೆ ಇಡಿಸಿ ಹರಸುವ ಊರೇ ಗಂಡ ತೀರಿದ ದಿನ ಅವನ್ನು ಒಡೆಯುತ್ತದೆ, ಉಳಿದ ದಿನಗಳಲ್ಲಿ ಬೈಗುಳಕ್ಕೆ ಬಳಸುತ್ತದೆ.

ಹೀಗೆ ಸಾಲಿನಿಂದ ಹೊರಗಟ್ಟುವ ಕ್ರಮಕ್ಕೆ ಬೇರೆ ರೂಪಗಳೂ ಇವೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜ್ಯೋತಿಬಾ ಫುಲೆ ಮರುವರ್ಷ ತಂದೆಯ ಮನೆ ಬಿಡಬೇಕಾಯಿತು. ‘ಸುಧಾರಕ’ ಪತ್ರಿಕೆಯಲ್ಲಿ ಬಾಲ್ಯವಿವಾಹದ ವಿರುದ್ಧ ಬರೆದ ಗೋಪಾಳ ಗಣೇಶ ಆಗರಕರ್ ಅವರ ಅಣಕು ಶವಯಾತ್ರೆ ಅವರು ಬದುಕಿರುವಾಗಲೇ ಹೊರಟಿತು. 1893ರಲ್ಲಿ ವಿಧವೆಯನ್ನು ಮದುವೆಯಾದ ಧೋಂಡೋ ಕೇಶವ ಕರ್ವೆಯವರಿಗೆ ಅವರ ಊರಾದ ಮುರುಡ್ ಬಹಿಷ್ಕಾರ ಹಾಕಿತು. ಹೆಣ್ಣಿಗೆ ಆಸ್ತಿಯ ಮತ್ತು ವಿಚ್ಛೇದನದ ಹಕ್ಕು ಕೊಡಲಿದ್ದ ಹಿಂದೂ ಸಂಹಿತೆ ಮಸೂದೆಯನ್ನು ಸಂಸತ್ತು ನೆನೆಗುದಿಗೆ ಹಾಕಿದಾಗ, 1951ರಲ್ಲಿ ಅಂಬೇಡ್ಕರ್ ಕಾನೂನು ಮಂತ್ರಿಯ ಸ್ಥಾನವನ್ನೇ ಬಿಟ್ಟರು. ಇವರಲ್ಲಿ ಆಗರಕರ್ ಅವರ ಶವಯಾತ್ರೆ ಬಳೆಯ ಬೈಗುಳಕ್ಕೆ ತೀರ ಹತ್ತಿರದ್ದು. ಇಲ್ಲಿ ಮಾತಾಡಿದವನನ್ನು ಹೆಂಗಸು ಎನ್ನುತ್ತಾರೆ, ಅಲ್ಲಿ ಸತ್ತವನು ಎಂದರು. ಎರಡರಲ್ಲೂ ವಾದಕ್ಕೆ ಉತ್ತರವಿಲ್ಲ, ಇವನು ನಮ್ಮವನಲ್ಲ ಎಂಬ ಘೋಷಣೆಯಿದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ: ಹೆಣ್ಣುಮಕ್ಕಳು ದಿನವೂ ಉಣ್ಣುವ ನೋವಿನ ಮುಂದೆ ಗಂಡಸಿಗೆ ತಗುಲಿದ ಒಂದು ಮಾತು ಯಾವ ಲೆಕ್ಕ, ಅವನ ಗಾಯದ ಕಥೆ ಹೇಳುತ್ತ ಅವನನ್ನೇ ಮತ್ತೆ ನಡುಮನೆಯಲ್ಲಿ ಕೂರಿಸಿದಂತಾಗಲಿಲ್ಲವೇ ಎಂದು. ಇದು ನ್ಯಾಯವಾದ ಪ್ರಶ್ನೆ. ಫುಲೆ ಮನೆ ಬಿಟ್ಟರು ನಿಜ, ಆದರೆ ಶಾಲೆಯ ದಾರಿಯಲ್ಲಿ ಕಲ್ಲು, ಸೆಗಣಿ ಬಿದ್ದದ್ದು ಸಾವಿತ್ರಿಬಾಯಿಯವರ ಮೇಲೆ. ನಮ್ಮ ನೆರೆಯ ಬಸವಕಲ್ಯಾಣದ ಶರಣರ ಕಥೆಯನ್ನು ನಾವು ಹೇಳುವ ರೀತಿಯಲ್ಲೂ ಈ ದೋಷವಿದೆ. ಅಕ್ಕನಿಗಿಲ್ಲದ ಜನಿವಾರ ತನಗೇಕೆ ಎಂದು ಕೇಳಿ ಬಾಲಕ ಬಸವಣ್ಣ ಮನೆ ತೊರೆದ ಪ್ರಸಂಗ ಬಸವ ಜಯಂತಿಯ ಪ್ರತಿ ವೇದಿಕೆಯಲ್ಲೂ ಬರುತ್ತದೆ. ಹರಿಹರನ ರಗಳೆಯಲ್ಲಿ ಜನಿವಾರ ತೊರೆಯುವುದಕ್ಕೆ ಶಿವಭಕ್ತಿಯೇ ಕಾರಣ. ಅಕ್ಕನ ಪ್ರಶ್ನೆ ಮುನ್ನೆಲೆಗೆ ಬಂದದ್ದು ಈಚಿನ ಹೇಳಿಕೆಗಳಲ್ಲಿ. ಸಮಾನತೆ ಬಯಸುವ ಕಾಲ ತನಗೆ ಬೇಕಾದ ಬಸವಣ್ಣನನ್ನು ಹೀಗೆ ಕಂಡುಕೊಂಡದ್ದು ನನಗೆ ಸಂತೋಷದ ಸಂಗತಿಯೇ. ಆದರೆ ಆ ಕಥೆಯಲ್ಲಿ ಅಕ್ಕನಾಗಮ್ಮ ಒಂದು ಮಾತೂ ಆಡುವುದಿಲ್ಲ. ಕಲ್ಯಾಣ ಒಡೆದ ಮೇಲೆ ಶರಣರೊಂದಿಗೆ ಉಳವಿಯ ದಾರಿ ಹಿಡಿದವಳೆಂದು ಪರಂಪರೆ ನೆನೆಯುವ ಹೆಂಗಸು, ಭಾಷಣಗಳಲ್ಲಿ ತಮ್ಮನ ತ್ಯಾಗಕ್ಕೆ ನೆಪವಾಗಿ ಉಳಿದಿದ್ದಾಳೆ. ಅದಕ್ಕೇ ನಾನು ಗಂಡಸಿನ ತ್ಯಾಗವನ್ನು ಬಿಟ್ಟು ಬೈಗುಳವನ್ನೇ ಹಿಡಿದುಕೊಂಡದ್ದು. ತ್ಯಾಗದ ಕಥೆ ಅವನನ್ನು ದೊಡ್ಡವನಾಗಿಸಿ ಮುಗಿಯುತ್ತದೆ. ಬೈಗುಳವನ್ನು ಬಿಡಿಸುತ್ತ ಹೋದರೆ ಕೊನೆಗೆ ಸಿಗುವವಳು ಅವಳೇ.

ಇನ್ನೊಂದು ಆಕ್ಷೇಪ ಮಾತಿನ ಸಲಿಗೆಯದು. ಬಳೆ ಬರೀ ಆಡುಮಾತು, ಹೆಂಗಸರೇ ಬಳಸುತ್ತಾರಲ್ಲ ಎನ್ನುತ್ತಾರೆ. ಬಳಸುತ್ತಾರೆ ನಿಜ. ನೀರು ಬಿಡದ, ಮದ್ಯದ ಅಂಗಡಿ ಮುಚ್ಚಿಸದ ಅಧಿಕಾರಿಯ ಮೇಜಿನ ಮೇಲೆ ಬಳೆ, ಸೀರೆ, ಅರಿಶಿಣ ಕುಂಕುಮ ಇಟ್ಟು ಬರುವ ಪ್ರತಿಭಟನೆಗಳಲ್ಲಿ ಎಲ್ಲ ಪಕ್ಷಗಳ, ಸಂಘಟನೆಗಳ ಹೆಣ್ಣುಮಕ್ಕಳೂ ಇರುತ್ತಾರೆ. ಕೈಯಲ್ಲಿ ಬೇರೆ ಬಲವಿಲ್ಲದವರು ಎದುರಿಗಿರುವವನಿಗೆ ನಾಟುವ ಮಾತನ್ನೇ ಆರಿಸಿಕೊಳ್ಳುತ್ತಾರೆ. ಅವರ ಸಿಟ್ಟನ್ನು ನಾನು ಅಲ್ಲಗಳೆಯಲಾರೆ. ಆದರೂ ಬಿಸಿಲಲ್ಲಿ ನಿಂತು ಕೂಗುತ್ತಿರುವ ಕೈಗಳೇ ಬಳೆ ತೊಟ್ಟಿವೆ, ಹೇಡಿತನ ತೋರಿಸಿದ್ದು ಬಳೆಯಿಲ್ಲದ ಕೈ. ಆ ಕಚೇರಿಯಲ್ಲಿ ಬಳೆ ಕೊಟ್ಟು ಗೆದ್ದ ಮಾತೇ ನಾಳೆ ಊರಿನಲ್ಲಿ ತಂಗಿಯ ಪಾಲು ಕೇಳಿದವನ ಬಾಯಿ ಕಟ್ಟುತ್ತದೆ.

ಈ ಬೈಗುಳ ಹರಿತವಾಗಿರುವುದು ಒಂಟಿ ಗಂಡಸಿನ ಮೇಲೆ. ಕನ್ನಡ ಚಿತ್ರರಂಗದ ಲೈಂಗಿಕ ದೌರ್ಜನ್ಯದ ತನಿಖೆಗೆ ಸಮಿತಿ ಬೇಕೆಂದು 2024ರ ಸೆಪ್ಟೆಂಬರಿನಲ್ಲಿ ‘ಫೈರ್’ ಸಂಘಟನೆ ಮುಖ್ಯಮಂತ್ರಿಗೆ ಕೊಟ್ಟ ಮನವಿಗೆ 153 ಮಂದಿ ಸಹಿ ಹಾಕಿದ್ದರು, ನಟರೂ ನಟಿಯರೂ ಅದರಲ್ಲಿದ್ದರು. ಅಷ್ಟು ಹೆಸರುಗಳು ಒಂದೇ ಹಾಳೆಯಲ್ಲಿದ್ದಾಗ ಯಾರೊಬ್ಬನನ್ನೋ ಹಿಡಿದು ಬಳೆ ತೊಡಿಸುವುದು ಸುಲಭವಲ್ಲ. ಹಳ್ಳಿಯಲ್ಲಿ ಪಾಲು ಕೇಳಿದವನ ಪಕ್ಕದಲ್ಲಿ ಇನ್ನೊಂದು ಸಹಿ ಬೀಳುವುದೇ ಕಷ್ಟ.

ಹಾಗೆ ನೋಡಿದರೆ ಈ ನೆಲದಲ್ಲಿ ಬಳೆಯ ಬೈಗುಳ ಉಳಿದಿರುವುದೇ ವಿಚಿತ್ರ. ಬಸವಣ್ಣನವರು ಒಂದು ವಚನದಲ್ಲಿ ಅರಿಶಿಣ ಮಿಂದು ಚಿನ್ನದೊಡವೆ ತೊಟ್ಟೂ ಗಂಡನ ಒಲವು ಕಾಣದ ಹೆಣ್ಣಿಗೆ ತಮ್ಮನ್ನೇ ಹೋಲಿಸಿಕೊಳ್ಳುತ್ತಾರೆ. ಅದನ್ನಾಡಿದವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಹೆಣ್ಣಿನ ಒಡವೆ ತೊಟ್ಟು ಮಾತಾಡಲು ಅವರಿಗೆ ಅವಮಾನ ಅನ್ನಿಸಲಿಲ್ಲ. ಶರಣಸತಿ ಲಿಂಗಪತಿ ಎಂಬ ಭಾವದಲ್ಲೂ ಸತಿ ಕೆಳಗೆ, ಪತಿ ಮೇಲೆ ಎಂಬ ಏಣಿ ಉಳಿದೇ ಇದೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ಒಳಗಿರುವ ಆತ್ಮಕ್ಕೆ ಹೆಣ್ಣು ಗಂಡು ಎಂಬುದಿಲ್ಲವೆಂದು ಕಂಡ ಜೇಡರ ದಾಸಿಮಯ್ಯನ ವಚನ ಆ ಏಣಿಯನ್ನೂ ಒದ್ದಿದೆ. ಭಾಲ್ಕಿಯಲ್ಲಾಗಲಿ ಭಾತಂಬ್ರಾದಲ್ಲಾಗಲಿ ಮುಂದಿನ ಬಸವ ಜಯಂತಿಗೆ ಜನಿವಾರದ ಕಥೆ ಹೇಳುವವರು ಆ ಅರಿಶಿಣದ ವಚನವನ್ನೂ ಓದಲಿ, ಓದಿ, ವೇದಿಕೆಯ ಮುಂದೆ ಕುಳಿತ ಗಂಡಸರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಲಿ.