ಗೋಲಿಗಿಂತ ಹತ್ತು ಸೆಕೆಂಡ್ ಹಿಂದೆ

ಎಸ್.ವಿ. ಸುನಿಲ್ ಬಗ್ಗೆ ಬಂದಿರೋ ಬರಹಗಳಿಗೆ ಒಂದು ಅಚ್ಚು ಇದೆ. ಸೋಮವಾರಪೇಟೆಯ ಬಡಗಿಯ ಮಗ, ಬಿದಿರು ಕೋಲಿನಲ್ಲಿ ಹಾಕಿ ಕಲಿತ ಹುಡುಗ, 2009ರಲ್ಲಿ ಅಪ್ಪ ತೀರಿಕೊಂಡಾಗಲೂ ಅಜ್ಲಾನ್ ಷಾ ಟೂರ್ನಿ ಬಿಟ್ಟು ಬರದೆ ಮಲೇಷ್ಯಾದಲ್ಲೇ ಉಳಿದು ಆಡಿದವರು. ಇಷ್ಟು ಹೇಳಿ ಕಣ್ಣೊರೆಸಿಕೊಂಡು, ಕೊನೆಗೊಂದು ಲೆಕ್ಕ: 264 ಪಂದ್ಯ, 72 ಗೋಲು. ಮುಗೀತು. ತ್ಯಾಗದ ಕತೆ ಸಿಗುತ್ತೆ, ಗೋಲಿನ ಲೆಕ್ಕ ಸಿಗುತ್ತೆ. ಅವರ ಆಟ ಮಾತ್ರ ಸಿಗಲ್ಲ. ನನ್ನ ತಕರಾರು ಇದೇ.

ನಮ್ಮ ಮದ್ದೂರಿನಲ್ಲಿ (ವಡೆಯ ಮದ್ದೂರಲ್ಲ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಹೋಗುವಾಗ ಕಾಡಂಚಿಗೆ ಸಿಗೋದು) ಸುನಿಲ್ ಹೆಸರೆತ್ತಿದರೆ ಬರೋ ಮೊದಲ ಪ್ರಶ್ನೆ, ‘ಎಷ್ಟು ಗೋಲ್ ಹೊಡ್ದವ್ನೆ?’ 72 ಅಂದರೆ, ‘ಅಷ್ಟೇಯಾ?’ ಬೆಂಗಳೂರಿನ ಆಫೀಸಿನಲ್ಲೂ ಅದೇ ಪ್ರಶ್ನೆ, ಭಾಷೆ ಮಾತ್ರ ಬೇರೆ. ಪಂದ್ಯಕ್ಕೆ ಅರ್ಧ ಗೋಲೂ ಇಲ್ಲದ ಫಾರ್ವರ್ಡ್ ಅಷ್ಟೊಂದು ವರ್ಷ ತಂಡದಲ್ಲಿ ಹೇಗಿದ್ದರು?

ನೋಡಿ, ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಅಂತ ಇಲ್ಲ. ಬಲ ಅಂಚಿನಲ್ಲಿ ಚೆಂಡನ್ನ ತನ್ನ ಬಲಕ್ಕಿಟ್ಟುಕೊಂಡು ನುಗ್ಗುವವನು ಎದುರಿನ ಡಿಫೆಂಡರ್‌ನ ಎಡಗಡೆಯಿಂದ, ಅಂದರೆ ಅವನು ಸ್ಟಿಕ್ ಮಗುಚಿ ತಡೀಬೇಕಾದ ದುರ್ಬಲ ಕಡೆಯಿಂದ ದಾಟ್ತಾನೆ. ಸುನಿಲ್ ವೇಗಕ್ಕೆ ಬೆಲೆ ಬರ್ತಿದ್ದದ್ದು ಅಲ್ಲಿ. ಒಬ್ಬ ಸೋತರೆ ಇನ್ನೊಬ್ಬ ಮಧ್ಯದ ಜಾಗ ಬಿಟ್ಟು ಅಂಚಿಗೆ ಓಡಿ ಬರಬೇಕು. ಆ ಖಾಲಿ ಜಾಗ ನಮ್ಮವರಿಗೆ. ಬೇಸ್‌ಲೈನ್ ಹತ್ತಿರದಿಂದ ‘ಡಿ’ ಒಳಕ್ಕೆ ತಳ್ಳಿದ ಚೆಂಡು ಎದುರಾಳಿಯ ಕಾಲಿಗೆ ತಗುಲಿದರೆ ಪೆನಾಲ್ಟಿ ಕಾರ್ನರ್. ಅದನ್ನ ರೂಪಿಂದರ್ ಪಾಲ್ ಸಿಂಗೋ, ಕೊಡಗಿನವರೇ ಆದ ವಿ.ಆರ್. ರಘುನಾಥೋ ಡ್ರ್ಯಾಗ್ ಫ್ಲಿಕ್ ಮಾಡಿ ಬಲೆಗೆ ಸೇರಿಸಿದರೆ ಬೋರ್ಡಿನಲ್ಲಿ ಅವರ ಹೆಸರು. ಅಪ್ರೈಸಲ್ ಫಾರಂ ತುಂಬಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಅಟ್ಟಕ್ಕೇರಿಸೋ ಉದ್ದೇಶ ನನಗಿಲ್ಲ. ಓಟ ಮುಗಿದ ಮೇಲೆ ಮುಂದೇನು ಅನ್ನೋದಕ್ಕೆ ಸುನಿಲ್ ಬಳಿ ಯಾವಾಗಲೂ ಉತ್ತರ ಇರ್ತಿರಲಿಲ್ಲ. ಕೊನೇ ಪಾಸ್ ಅರೆಕ್ಷಣ ತಡ, ಇಲ್ಲವೇ ಕೋನವೇ ಸಿಗದ ಜಾಗದಿಂದ ಹೊಡೆತ. ಆ 72 ಇನ್ನೂ ದೊಡ್ಡದಾಗಬಹುದಿತ್ತು, ನಿಜ.

ಆದರೆ ಅವರು ಓಡಿದ ಕಾಲ ಯಾವುದು ಅಂತಲೂ ನೋಡಬೇಕಲ್ವಾ? 2007ರ ಏಷ್ಯಾ ಕಪ್ ಗೆಲುವಿನೊಂದಿಗೆ ಶುರು. ಮರುವರ್ಷವೇ ಭಾರತ 80 ವರ್ಷಗಳಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 2012ರ ಲಂಡನ್‌ನಲ್ಲಿ ಆಡಿದ್ದೆಲ್ಲ ಸೋತು 12ನೇ, ಕಟ್ಟಕಡೆಯ ಸ್ಥಾನ. 2014ರ ಇಂಚಿಯಾನ್‌ನಲ್ಲಿ ಪಾಕಿಸ್ತಾನವನ್ನ ಶೂಟೌಟ್‌ನಲ್ಲಿ ಮಣಿಸಿ 16 ವರ್ಷಗಳ ನಂತರ ಏಷ್ಯನ್ ಗೇಮ್ಸ್ ಚಿನ್ನ, ಜೊತೆಗೆ ರಿಯೋ ಟಿಕೆಟ್. ಈ ತಳದಿಂದ ಮೇಲಕ್ಕೆ ಬಂದ ದಾರಿಯುದ್ದಕ್ಕೂ ಬಲ ಅಂಚಿನಲ್ಲಿ ಸುನಿಲ್ ಇದ್ದರು. 2016ಕ್ಕೆ ಏಷ್ಯಾದ ವರ್ಷದ ಆಟಗಾರ, 2017ರಲ್ಲಿ ಅರ್ಜುನ ಪ್ರಶಸ್ತಿ. 2018ರ ಭುವನೇಶ್ವರ ವಿಶ್ವಕಪ್ಪನ್ನ ಮಂಡಿಯ ಪೆಟ್ಟು ಕಿತ್ತುಕೊಂಡಿತು.

2021ರಲ್ಲಿ ಟೋಕಿಯೋಗೆ ಆರಿಸಿದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆಗಸ್ಟ್ 5ಕ್ಕೆ ಜರ್ಮನಿಯನ್ನ 5-4ರಿಂದ ಸೋಲಿಸಿ 41 ವರ್ಷಗಳ ಬಳಿಕ ಪದಕ ಬಂತು. ಅಕ್ಟೋಬರ್ ಹೊತ್ತಿಗೆ ಸುನಿಲ್ ನಿವೃತ್ತಿ. ಕೈಬಿಟ್ಟಿದ್ದು ಅನ್ಯಾಯ ಅಂತ ನಾನು ವಾದಿಸಲ್ಲ. ಓಟವೇ ಬಂಡವಾಳವಾದವರಿಗೆ 32 ಸಣ್ಣ ವಯಸ್ಸಲ್ಲ. ಆದರೆ ಆ ಕಂಚಿನ ಕತೆಯನ್ನ ಟೋಕಿಯೋದಿಂದಲೇ ಶುರು ಮಾಡೋರ ಜೊತೆ ಮಾತ್ರ ನನ್ನ ಜಗಳ. ಲಂಡನ್‌ನಲ್ಲಿ ಸೋತು ಬಂದು ಮತ್ತೆ ಸ್ಟಿಕ್ ಹಿಡಿದವರಿಲ್ಲದೆ ಆ ತಂಡ ಅಲ್ಲಿಗೆ ತಲುಪ್ತಿರಲಿಲ್ಲ.

ಹಳೇ ಪಂದ್ಯಗಳ ವಿಡಿಯೋ ಸಿಕ್ಕರೆ ಒಂದು ಕೆಲಸ ಮಾಡಿ. ಗೋಲು ಬಿದ್ದ ಜಾಗದಿಂದ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ, ಬಲಗಡೆಯ ಅಂಚನ್ನ ನೋಡಿ.