‘ಮತ್ತೊಮ್ಮೆ, ಮತ್ತೊಮ್ಮೆ!’: ಟೆಲಿಟಬ್ಬೀಸ್ ಮತ್ತು ದೊಡ್ಡವರ ಗೊಣಗಾಟ

ಬಿಬಿಸಿ 2 ವಾಹಿನಿಯಲ್ಲಿ 1997ರ ಮಾರ್ಚ್ 31ರಂದು ‘ಟೆಲಿಟಬ್ಬೀಸ್’ ಆರಂಭವಾದಾಗ ಈ ದೇಶದಲ್ಲಿ ಎದ್ದ ಗದ್ದಲ ನಮ್ಮ ಸದಸ್ಯರಲ್ಲಿ ಹಲವರಿಗೆ ನೆನಪಿರಬಹುದು. ನೇರಳೆ ಬಣ್ಣದ ಟಿಂಕಿ ವಿಂಕಿ, ಹಸಿರು ಡಿಪ್ಸಿ, ಹಳದಿ ಲಾ-ಲಾ, ಕೆಂಪು ಪೋ. ತಲೆಯ ಮೇಲೆ ಆಂಟೆನಾ, ಹೊಟ್ಟೆಯ ಮೇಲೆ ಟೀವಿ ಪರದೆ. ಆಕಾಶದಲ್ಲಿ ನಗುವ ಮಗುವಿನ ಮುಖದ ಸೂರ್ಯ, ಹುಲ್ಲಿನ ಮೇಲೆ ನಿಜವಾದ ದಪ್ಪ ಮೊಲಗಳು, ಮನೆಯೊಳಗೆ ಗುಲಾಬಿ ಬಣ್ಣದ ಕಸ್ಟರ್ಡ್, ಚೆಲ್ಲಿದ್ದನ್ನು ಹೀರಿಕೊಳ್ಳಲು ನೂ-ನೂ ಎಂಬ ವ್ಯಾಕ್ಯೂಮ್ ಕ್ಲೀನರ್. ದೊಡ್ಡವರು ನೋಡಿ ಹುಬ್ಬೇರಿಸದೆ ಇದ್ದರೇ ಆಶ್ಚರ್ಯ!

ದೊಡ್ಡವರ ಪ್ರತಿಕ್ರಿಯೆ ಹಲವು ಬಗೆಯದಾಗಿತ್ತು. ‘ಹಲೋ’ ಎನ್ನಲು ಬಾರದೆ ‘ಎಹ್-ಓ’ ಎನ್ನುವ ಈ ಜೀವಿಗಳಿಂದ ಮಕ್ಕಳ ಭಾಷೆ ಕೆಡುತ್ತದೆ, ಬಿಬಿಸಿಯ ಮಟ್ಟ ಕುಸಿಯಿತು ಎಂದು ಕೆಲವರು ಸಿಟ್ಟಾದರು. ಕಾಲೇಜು ಹುಡುಗರು ಮಾತ್ರ ಬೆಳಗಿನ ಹೊತ್ತು ಕೂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಡಿಸೆಂಬರ್‌ನಲ್ಲಿ ಟೆಲಿಟಬ್ಬಿಗಳ ಹಾಡು ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗಳಲ್ಲಿ ಗೊಂಬೆ ಸಿಗದೆ ತಂದೆತಾಯಂದಿರು ಪರದಾಡಿದರು. ಅಮೆರಿಕದಲ್ಲಿ 1999ರಲ್ಲಿ ಜೆರ್ರಿ ಫಾಲ್ವೆಲ್ ಎಂಬ ಧರ್ಮಬೋಧಕರ ಪತ್ರಿಕೆಯಂತೂ ಟಿಂಕಿ ವಿಂಕಿಯ ನೇರಳೆ ಬಣ್ಣ, ತ್ರಿಕೋನದ ಆಂಟೆನಾ ಮತ್ತು ಕೈಚೀಲ ನೋಡಿ, ಅದು ಸಲಿಂಗಿಗಳ ಪ್ರತೀಕವೆಂದು ಪೋಷಕರನ್ನು ಎಚ್ಚರಿಸಿತು. ಒಂದೂವರೆ ವರ್ಷದ ಮಗುವಿಗೆ ಕಾಣುವುದು ಒಂದು ಚೀಲ, ಅಷ್ಟೆ. ಉಳಿದದ್ದೆಲ್ಲ ನೋಡುವ ದೊಡ್ಡವರ ತಲೆಯೊಳಗಿನದು.

ಈ ಗದ್ದಲದಲ್ಲಿ ಯಾರೂ ಅಭಿಪ್ರಾಯ ಕೇಳದ ಪ್ರೇಕ್ಷಕರೆಂದರೆ ಮಕ್ಕಳೇ. ಮಕ್ಕಳು ಪತ್ರಿಕೆಗೆ ಕಾಗದ ಬರೆಯುವುದಿಲ್ಲ. ಅವರ ವಿಮರ್ಶೆ ಮೈಯಲ್ಲಿ ಕಾಣಿಸುತ್ತದೆ. ಮಗು ನಗುತ್ತದೆಯೇ, ಎದ್ದು ಕುಣಿಯುತ್ತದೆಯೇ, ಪರದೆಯತ್ತ ಬೆರಳು ತೋರಿಸಿ ಅಮ್ಮನ ಮುಖ ನೋಡುತ್ತದೆಯೇ? ವೈದ್ಯವೃತ್ತಿಯಲ್ಲಿರುವ ನಮಗೆ ಮಾತು ಬಾರದ ರೋಗಿಯನ್ನು ಹೀಗೆ ಗಮನಿಸುವುದು ರೂಢಿ. ಆ ಅಳತೆಯಲ್ಲಿ ಟೆಲಿಟಬ್ಬೀಸ್ ಗೆದ್ದಿತೆಂದೇ ಹೇಳಬೇಕು. 2001ರ ವರೆಗೆ 365 ಕಂತುಗಳು ಬಂದವು. ನೂರಕ್ಕೂ ಹೆಚ್ಚು ದೇಶಗಳ ಮಕ್ಕಳು ನೋಡಿದರು. 2015ರಲ್ಲಿ ಅದು ಹೊಸ ರೂಪದಲ್ಲಿ ಮತ್ತೆ ಬಂತು.

ಇದು ಆಕಸ್ಮಿಕವಲ್ಲ. ಆನ್ ವುಡ್ ಅವರೊಡನೆ ಇದನ್ನು ರೂಪಿಸಿದ ಆಂಡ್ರ್ಯೂ ಡ್ಯಾವೆನ್‌ಪೋರ್ಟ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮಾತಿನ ವಿಜ್ಞಾನವನ್ನೇ ಓದಿದವರು. ಟೆಲಿಟಬ್ಬಿಗಳ ತೊದಲು ತಿಳಿದೇ ಬರೆದ ತೊದಲು. ಇನ್ನು ತೊದಲಿನಿಂದ ಭಾಷೆ ಕೆಡುತ್ತದೆಯೇ? ಹಾಗಿದ್ದರೆ ಕನ್ನಡ ಎಂದೋ ಕೆಟ್ಟಿರಬೇಕಿತ್ತು! ನಮ್ಮ ಅಜ್ಜಿಯರು ‘ಮಮ್ಮು ತಿನ್ನು ಪುಟ್ಟಾ’, ‘ತಾಚಿ ಮಾಡು ಕಂದಾ’ ಎಂದೇ ನಮ್ಮನ್ನು ಬೆಳೆಸಿದರು. ನಾವ್ಯಾರೂ ಇಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಮ್ಮು ಕೇಳುತ್ತಿಲ್ಲ.

ದೊಡ್ಡವರಿಗೆ ಅತ್ಯಂತ ಬೇಸರ ತಂದದ್ದು ಪುನರಾವರ್ತನೆ. ಹೊಟ್ಟೆಯ ಪರದೆಯ ಮೇಲೆ ನಿಜವಾದ ಮಕ್ಕಳ ಪುಟ್ಟ ಚಿತ್ರವೊಂದು ಮೂಡುತ್ತದೆ. ಅದು ಮುಗಿದೊಡನೆ ಟಬ್ಬಿಗಳು ‘ಮತ್ತೊಮ್ಮೆ, ಮತ್ತೊಮ್ಮೆ’ ಎಂದು ಕೂಗುತ್ತವೆ. ಅದೇ ಚಿತ್ರ ಇಡಿಯಾಗಿ ಮತ್ತೆ ಬರುತ್ತದೆ. ಆದರೆ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನೂರು ರಾತ್ರಿ ಹೇಳಿದವರಿಗೆ ಇದು ಹೊಸದೇನಲ್ಲ. ಗುಬ್ಬಕ್ಕ ಬಾಗಿಲು ತೆರೆಯದೆ ಹೇಳುವ ನೆಪಗಳಲ್ಲಿ ಒಂದು ಬಿಟ್ಟುಹೋದರೂ ಮಗು ಬಿಡುವುದಿಲ್ಲ, ಮೊದಲಿಂದ ಹೇಳಿಸುತ್ತದೆ. ಮುಂದೇನೆಂದು ಮೊದಲೇ ತಿಳಿದು, ಅದೇ ಆಗುವುದನ್ನು ಕಾಣುವ ಸಂತೋಷ ಅದು. ಕಲಿಕೆ ನಡೆಯುವುದೂ ಹಾಗೆಯೇ.

ಅನಿವಾಸಿ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಪೋ. ಆ ಪಾತ್ರ ವಹಿಸಿದ ಪ್ವಿ ಫ್ಯಾನ್ ಲೀ ಇಂಗ್ಲಿಷಿನ ಜೊತೆಗೆ ಕ್ಯಾಂಟೊನೀಸ್ ಪದಗಳನ್ನೂ ಬಳಸುತ್ತಿದ್ದರು. ಸ್ಕೂಟರ್ ಏರಿದ ಪೋ ‘ಬೇಗ, ಮೆಲ್ಲಗೆ’ ಎನ್ನುತ್ತಿದ್ದುದು ಆ ಭಾಷೆಯಲ್ಲಿ. ಅದು ಬಾರದವರ ಕಿವಿಗೆ ಅದೂ ಬರೀ ತೊದಲೇ! ಎಲ್ಲರಿಗಿಂತ ಚಿಕ್ಕ ಟಬ್ಬಿ ಎರಡು ಭಾಷೆಯಲ್ಲಿ ಮಾತಾಡುತ್ತದೆ, ಉಳಿದ ಮೂವರಿಗೆ ಏನೂ ತೊಂದರೆಯಾಗುವುದಿಲ್ಲ. ಮನೆಯಲ್ಲಿ ಕನ್ನಡ, ನರ್ಸರಿಯಲ್ಲಿ ಇಂಗ್ಲಿಷ್ ಆದರೆ ಮಾತು ತಡವಾದೀತೇ ಎಂದು ನಮ್ಮನ್ನು ಕೇಳುವ ತಾಯಂದಿರು ಇಂದಿಗೂ ಇದ್ದಾರೆ. ಎರಡು ಭಾಷೆಯಿಂದ ಮಗುವಿನ ಮಾತು ಕುಂಠಿತವಾಗುವುದಿಲ್ಲ ಎಂಬುದು ಈಗ ಚೆನ್ನಾಗಿ ಗೊತ್ತಿರುವ ವಿಷಯ.

ಹಾಗೆಂದು ಕಾರ್ಯಕ್ರಮಕ್ಕೆ ಪೂರ್ತಿ ಅಂಕ ಕೊಡಲಾಗದು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟೆಲಿಟಬ್ಬೀಸ್ ಹೆಚ್ಚು ನೋಡಿದ ಕಂದಮ್ಮಗಳ ಶಬ್ದಭಂಡಾರ ಕಡಿಮೆಯಿದ್ದುದು ಕಂಡುಬಂತು. ಒಂದರಿಂದಲೇ ಇನ್ನೊಂದು ಆಯಿತೆಂದು ಇದರಿಂದ ಸಾಬೀತಾಗುವುದಿಲ್ಲ. ಅದಕ್ಕಿಂತ ನಮಗೆ ಮುಖ್ಯವೆನಿಸುವುದು ಪೆಟ್ರೀಶಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳೊಡನೆ ಚೀನೀ ಮ್ಯಾಂಡರಿನ್ ಮಾತಾಡುವವರು ಹನ್ನೆರಡು ಬಾರಿ ಕೂತು ಆಡಿ, ಪುಸ್ತಕ ಓದಿದರು. ಆ ಶಿಶುಗಳು ಮ್ಯಾಂಡರಿನ್ನಿನ ಧ್ವನಿಭೇದವನ್ನು ಗುರುತಿಸತೊಡಗಿದವು. ಅದೇ ಮಾತನ್ನು ವಿಡಿಯೋದಲ್ಲಿ ತೋರಿಸಿದ ಶಿಶುಗಳಿಗೆ ಏನೂ ದಕ್ಕಲಿಲ್ಲ.

ನಮ್ಮ ತಕರಾರು ಇಷ್ಟೆ. ಟೆಲಿಟಬ್ಬೀಸ್ ಮಗುವಿನ ಮನಸ್ಸನ್ನು ಬಲ್ಲದು. ಆದರೆ ಮಗು ಹೇಳಿದ್ದನ್ನು ಕೇಳಿಸಿಕೊಳ್ಳಲಾರದು. ಮಗು ‘ಎಹ್-ಓ’ ಎಂದರೆ ಪರದೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಅಜ್ಜಿಯಾದರೆ ‘ಏನಂದ್ಯೋ ನನ್ನಪ್ಪಾ?’ ಎಂದು ನಿಲ್ಲುತ್ತಾಳೆ.

ಅಂದು ಟಬ್ಬಿಗಳನ್ನು ನೋಡಿದ ನಮ್ಮ ಸಂಘದ ಮಕ್ಕಳು ಈಗ ತಾವೇ ತಾಯಿತಂದೆಯರಾಗುತ್ತಿದ್ದಾರೆ. ಕನ್ನಡ ಬರಲೆಂದು ಮಗುವಿನ ಕೈಗೆ ಕನ್ನಡ ಶಿಶುಗೀತೆಗಳ ವಿಡಿಯೋ ಕೊಟ್ಟು ಒಗ್ಗರಣೆಗೆ ಹೋಗುವವರೂ ಇದ್ದಾರೆ. ವಿಡಿಯೋ ಬೇಡವೆನ್ನುವುದಿಲ್ಲ, ಆದರೆ ಪಕ್ಕದಲ್ಲಿ ಕೂತುಕೊಳ್ಳಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹದಿನೆಂಟು ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡವೆಂದಾಗಲೂ ವಿಡಿಯೋ ಕರೆಗೆ ವಿನಾಯಿತಿ ಕೊಟ್ಟಿತು. ಆ ಕಡೆ ಕೇಳಿಸಿಕೊಳ್ಳುವ ಮನುಷ್ಯರಿರುತ್ತಾರಲ್ಲ! ಆದ್ದರಿಂದ ಊರಿನ ಅಜ್ಜಿಗೆ ಫೋನ್ ಮಾಡಿ. ಗುಬ್ಬಕ್ಕನ ಕಥೆ ಮುಗಿದ ಮೇಲೆ ಮಗು ‘ಇನ್ನೊಂದ್ಸಲ’ ಎಂದರೆ, ದಯವಿಟ್ಟು ಗಡಿಯಾರ ನೋಡಬೇಡಿ.