ಐದು ವಾರದ ತರಬೇತಿಗೆ ನಿಲುಕದ್ದು

ಯುವಜನ ದೇವಾಲಯದಿಂದ ದೂರ ಸರಿಯುತ್ತಿದ್ದಾರೆ ಎಂಬ ಕೊರಗು ಎದ್ದಾಗಲೆಲ್ಲ ಕಥೋಲಿಕ ವಲಯದಲ್ಲಿ ಒಂದು ಪರಿಹಾರ ಸಿದ್ಧವಾಗಿರುತ್ತದೆ: ಯುವಕರನ್ನು ಕರೆತರಲು ಯುವಕರನ್ನೇ ಕಳಿಸಿ. ಹುಮ್ಮಸ್ಸುಳ್ಳವರನ್ನು ಆರಿಸಿ, ಕೆಲವು ವಾರ ತಯಾರು ಮಾಡಿ, ಊರು ಬಿಡಿಸಿ ಸುವಾರ್ತೆಯ ಕೆಲಸಕ್ಕೆ ಹಚ್ಚಿ. ಇದಕ್ಕೆ ಮಾದರಿಯಾಗಿ ಎಲ್ಲರೂ ಬೊಟ್ಟು ಮಾಡುವುದು ಅಮೆರಿಕದತ್ತ. ಮಿನ್ನೆಸೋಟದಲ್ಲಿ 1981ರಲ್ಲಿ ಹುಟ್ಟಿದ ನೆಟ್ ಮಿನಿಸ್ಟ್ರೀಸ್ ಐದು ವಾರ ತರಬೇತಿ ಕೊಟ್ಟು ಯುವ ತಂಡಗಳನ್ನು ವ್ಯಾನು ಹತ್ತಿಸುತ್ತದೆ. ಸುಮಾರು ಒಂಬತ್ತು ತಿಂಗಳು ಅವರು ಶಾಲೆಯಿಂದ ಶಾಲೆಗೆ, ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ಧ್ಯಾನಕೂಟ ನಡೆಸುತ್ತ ಹೋಗುತ್ತಾರೆ. 1998ರಲ್ಲಿ ಕರ್ಟಿಸ್ ಮಾರ್ಟಿನ್ ಕ್ಯಾನ್ಸಸ್‌ನ ಬೆನೆಡಿಕ್ಟೀನ್ ಕಾಲೇಜಿನಲ್ಲಿ ಆರಂಭಿಸಿದ ಫೋಕಸ್, ಪದವಿ ಮುಗಿಸಿದವರನ್ನು ವಿಶ್ವವಿದ್ಯಾಲಯಗಳಿಗೆ ಕಳಿಸುತ್ತದೆ.

ಇವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಸಂಬಳ, ಬಡ್ತಿ ಬದಿಗಿಟ್ಟು ಅಪರಿಚಿತರ ಮನೆಯಲ್ಲಿ ಮಲಗಿ ಊರೂರು ಸುತ್ತುವ ಇಪ್ಪತ್ತೆರಡರ ಹುಡುಗಿಯ ಬಗ್ಗೆ ಹಗುರವಾಗಿ ಮಾತಾಡುವುದು ಅನ್ಯಾಯ. ನನ್ನ ತಕರಾರು ಆ ಹುಡುಗಿಗೆ ಏನು ಕಲಿಸಲಾಗುತ್ತದೆ ಎಂಬುದರ ಮೇಲೆ. ಸಾಕ್ಷ್ಯ ಹೇಳುವುದು, ಗುಂಪನ್ನು ಹಾಡಿಸುವುದು, ನಾಟಕ ಆಡಿಸುವುದು, ಪ್ರಾರ್ಥನೆಗೆ ಕೂರಿಸುವುದು: ಎಲ್ಲವೂ ಹೇಳುವವರ ವಿದ್ಯೆ. ಕೇಳಿಸಿಕೊಳ್ಳುವ ವಿದ್ಯೆ ಐದು ವಾರಕ್ಕೆ ಬರುವುದಿಲ್ಲ. ಬಂದರೂ ಅದನ್ನು ಬಳಸುವ ಮುನ್ನ ವ್ಯಾನು ಮುಂದಿನ ಊರಿಗೆ ಹೊರಟಿರುತ್ತದೆ. (ಒಂದೇ ಕಡೆ ನೆಲೆನಿಲ್ಲುವ ತಂಡಗಳೂ ನೆಟ್‌ನಲ್ಲಿವೆ, ಅವುಗಳ ಬಗ್ಗೆ ನನ್ನ ತಕರಾರು ಅಷ್ಟರಮಟ್ಟಿಗೆ ಕಡಿಮೆ.)

ಬೇರೆ ದಾರಿಯಿತ್ತು. ಅದನ್ನು ಹಾಕಿದವರು ಬೆಲ್ಜಿಯಂನ ಜೋಸೆಫ್ ಕಾರ್ಡೈನ್. 1882ರಲ್ಲಿ ದುಡಿಯುವವರ ಮನೆಯಲ್ಲಿ ಹುಟ್ಟಿದ ಈ ಹುಡುಗ ಗುರುಮಠದಿಂದ ರಜೆಗೆ ಊರಿಗೆ ಬಂದಾಗ, ಜೊತೆಯಲ್ಲಿ ಓದಿದವರು ಕಾರ್ಖಾನೆ ಸೇರಿದ್ದರು. ಅವರು ಇವನನ್ನು ಕಂಡು ಮುಖ ತಿರುಗಿಸಿದರು. ಗುರುಗಳಾಗುವವನು ಉಳ್ಳವರ ಕಡೆಯವನು ಎಂಬುದು ಅವರ ತೀರ್ಮಾನ. 1903ರಲ್ಲಿ, ಮಗನನ್ನು ಓದಿಸಲು ದುಡಿದು ಸವೆದಿದ್ದ ತಂದೆ ತೀರಿಕೊಂಡಾಗ, ದುಡಿಯುವವರಿಗೇ ಬದುಕು ಮುಡಿಪೆಂದು ಕಾರ್ಡೈನ್ ಪಣತೊಟ್ಟರು. 1912ರಲ್ಲಿ ಬ್ರಸೆಲ್ಸ್ ಬಳಿಯ ಲಾಕೆನ್‌ಗೆ ಸಹಾಯಕ ಗುರುವಾಗಿ ಹೋದವರು ಮೊದಲು ಜೊತೆಗೂಡಿಸಿದವರಲ್ಲಿ ಹೊಲಿಗೆ ಕೆಲಸದ ಹುಡುಗಿಯರಿದ್ದರು. 1925ರ ಹೊತ್ತಿಗೆ ಅದು ಯುವ ಕ್ರೈಸ್ತ ಕಾರ್ಮಿಕರ ಚಳವಳಿಯಾಗಿ ನಿಂತಿತು.

ಅಲ್ಲಿನ ತರಬೇತಿಗೆ ಬೇರೆ ಕಟ್ಟಡ ಬೇಕಿರಲಿಲ್ಲ. ಕಾಣು, ವಿವೇಚಿಸು, ಕಾರ್ಯಕ್ಕಿಳಿ ಎಂಬ ಮೂರೇ ಹೆಜ್ಜೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಜೊತೆ ಮೇಸ್ತ್ರಿ ಹೇಗೆ ಮಾತಾಡುತ್ತಾನೆ, ಪಾಳಿ ಎಷ್ಟು ಗಂಟೆಯದು, ಹುಡುಗಿಯರು ಮಧ್ಯಾಹ್ನದ ಊಟ ಎಲ್ಲಿ ಮಾಡುತ್ತಾರೆ ಎಂಬುದನ್ನು ಸದಸ್ಯರೇ ವಿಚಾರಿಸಿ ತರಬೇಕು. ಶುಭಸಂದೇಶದ ಬೆಳಕಿನಲ್ಲಿ ತೂಗಬೇಕು. ಮುಂದಿನ ಸಭೆಯೊಳಗೆ ಏನಾದರೂ ಮಾಡಬೇಕು. ಹದಿನೇಳರ ಹುಡುಗನ ಮಾತಿಗೆ ಗುರುಗಳೂ ಕಿವಿಗೊಟ್ಟು ಕೂರುತ್ತಿದ್ದರು. ಇದೇ ಕ್ರಮವನ್ನು 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಎತ್ತಿ ಹೇಳಿದರು. ಕಾರ್ಡೈನ್ ಜೊತೆ ಚಳವಳಿ ಕಟ್ಟಿದ ಶ್ರೀಸಾಮಾನ್ಯರಾದ ಫರ್ನಾಂಡ್ ಟೊನೆ ಮತ್ತು ಪಾಲ್ ಗಾರ್ಸೆ 1945ರಲ್ಲಿ ನಾಜಿಗಳ ಡಾಖೌ ಶಿಬಿರದಲ್ಲಿ ಸತ್ತರು. ಒಂದು ಪದ್ಧತಿಯ ಗುಣಕ್ಕೆ ಇದು ಪುರಾವೆ ಎನ್ನಲಾರೆ. ಆದರೆ ಆ ಸಭೆಗಳು ಬಿಡುವಿನ ವೇಳೆಯ ಉಲ್ಲಾಸಕ್ಕೆ ಸೇರುತ್ತಿರಲಿಲ್ಲ ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ಕಾರ್ಮಿಕರಿಗೆ ಕಾರ್ಮಿಕರೇ ಮೊದಲ ಪ್ರೇಷಿತರು ಎಂದು 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಬರೆದರು. ಇಂದಿನ ಯುವ ಮಿಷನರಿ ಸಂಸ್ಥೆಗಳೂ ತಮ್ಮ ನೆಲೆ ಇದೇ ಎನ್ನಬಹುದು: ಯುವಕರಿಗೆ ಯುವಕರು. ಆದರೆ ವಯಸ್ಸು ಒಂದೇ ಆದರೆ ಬದುಕು ಒಂದಾಗುತ್ತದೆಯೇ? ಫೋಕಸ್‌ನ ಮಿಷನರಿ ತನ್ನ ಸಂಬಳವನ್ನು ತಾನೇ ದಾನಿಗಳಿಂದ ಹೊಂದಿಸಿಕೊಳ್ಳಬೇಕು. ಇದನ್ನು ದೈವಭರವಸೆಯ ಪಾಠವೆಂದು ಹೊಗಳುವವರಿದ್ದಾರೆ. ನನಗೆ ಇದು ಜರಡಿಯಂತೆ ಕಾಣುತ್ತದೆ. ತಿಂಗಳು ತಿಂಗಳು ನೆರವಾಗಬಲ್ಲ ಬಂಧುಬಳಗ ಇರುವವನಿಗೆ ಫೋನು ಮಾಡಿ ಕೇಳುವುದು ಮುಜುಗರವಷ್ಟೇ; ಕಾಲೇಜಿನ ಸಾಲ ತೀರಿಸಬೇಕಾದ ಹೋಟೆಲ್ ಮಾಣಿಯ ಮಗ ಯಾರಿಗೆ ಫೋನು ಮಾಡಬೇಕು? ಹೀಗೆ ಆರಿಸಿ ಬಂದವರು ತಮ್ಮಂಥವರನ್ನೇ ಸುಲಭವಾಗಿ ಮುಟ್ಟುತ್ತಾರೆ.

ಕಾರ್ಡೈನರ ಚಳವಳಿಯೂ ಯುರೋಪಿನಲ್ಲಿ ಸೊರಗಿತಲ್ಲ ಎಂದು ಕೇಳುವವರು ತಪ್ಪು ಕೇಳುತ್ತಿಲ್ಲ. ಅದು ಬೇರೂರಿದ್ದ ಗಣಿ, ಗಿರಣಿಗಳೇ ಮುಚ್ಚಿದವು. ಇತ್ತ ದೇವಾಲಯಗಳೂ ಬರಿದಾದವು. ಅದನ್ನು ಹಾಗೇ ಎತ್ತಿ ತಂದು ನೆಡಿ ಎಂದು ನಾನೂ ಹೇಳುವುದಿಲ್ಲ. ಸೊರಗಿದ್ದು ಚಳವಳಿ, ಕೇಳಿ ಕಲಿಯುವ ಕ್ರಮ ವಿಫಲವಾಯಿತು ಎನ್ನಲು ಅಷ್ಟು ಸಾಲದು.

ಈ ಕ್ರಮ ನಮ್ಮ ಸೀಮೆಗೆ ಹೊಸದೂ ಅಲ್ಲ. 1606ರಲ್ಲಿ ಮಧುರೈಗೆ ಬಂದ ಮಿಷನರಿ ರಾಬರ್ಟೊ ಡಿ ನೊಬಿಲಿ ತಮಿಳು, ಸಂಸ್ಕೃತ ಕಲಿಯುತ್ತ ಕೂತರು. ಅದೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಲಿಯೊನಾರ್ಡೊ ಚಿನ್ನಮಿ ಕನ್ನಡಕ್ಕೆ ಕೈಹಾಕಿದರು. ಆಮೇಲಿನ ಕಾಲದಲ್ಲಿ ಗುರುಗಳು ಅಪರೂಪಕ್ಕೆ ಬರುವ ಹಳ್ಳಿಗಳಲ್ಲಿ ಮಕ್ಕಳಿಗೆ ಜಪ ಕಲಿಸಿದವರು, ಸಾಯುವವರ ಬಳಿ ಕೂತವರು ಅಲ್ಲಿನವರೇ ಆದ ಉಪದೇಶಿಗಳು. 2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸವನ್ನು ಸ್ಥಾಯಿಯಾದ ಸೇವಾಪದವಿಯಾಗಿ ಸ್ಥಾಪಿಸಿದ್ದು ಇಂಥವರನ್ನು ನೆನೆದೇ. ಆದರೂ ಯುವ ತರಬೇತಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಿಟಾರು, ಧ್ವನಿವರ್ಧಕ, ಮೂರು ದಿನದ ಶಿಬಿರ.

ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರಿದ್ದಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಭಾನುವಾರದ ಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎದ್ದುಹೋಗುವ ಅವರನ್ನು ಯಾವ ಧ್ಯಾನಕೂಟವೂ ತರಬೇತುದಾರರ ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಪಾಳಿ ಬಿಟ್ಟು ಶಿಬಿರಕ್ಕೆ ಬಂದರೆ ಆ ದಿನಗಳ ಸಂಬಳ ಹೋಗುತ್ತದೆ. ಶಿಬಿರದ ಪೆಂಡಾಲಿಗೆ, ಬಸ್ಸಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಅವರು ಬಾಡಿಗೆಗಿರುವ ಬೀದಿಯಲ್ಲೊಂದು ಕೋಣೆಗೆ ಕೊಡಲಿ. ಸಂಜೆ ಕೆಲಸ ಮುಗಿಸಿ ಬಂದವರೇ ಸಭೆ ನಡೆಸಲಿ. ಧರ್ಮಕೇಂದ್ರದ ಗುರುಗಳು ಮೊದಲ ಆರು ತಿಂಗಳು ಅಲ್ಲಿ ಪ್ರವಚನ ಕೊಡದಿರಲಿ.